ಅವಾರೋವದ ಇಳಿತದ ಹೊತ್ತು ನೋಡಿ, ಆಮೇಲೆ ವಿಮಾನದ ಟಿಕೆಟ್ ತೆಗೆಸಿ

ಪ್ರಶ್ನೆ: ನಾವು ದಾವಣಗೆರೆಯವರು. ಮಗಳು-ಅಳಿಯ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿದ್ದಾರೆ. ಜನವರಿಯಲ್ಲಿ ನಾವು ಹೋದಾಗ ಏಬಲ್ ಟಾಸ್ಮನ್ ರಾಷ್ಟ್ರೀಯ ಉದ್ಯಾನದ ಕರಾವಳಿ ಹಾದಿಯನ್ನು ನಾಲ್ವರೂ ಸೇರಿ ಪೂರ್ತಿ ನಡೆಯೋಣ ಅಂತ ಅಳಿಯನ ಆಸೆ. ನನಗೆ 57, ನಮ್ಮ ಯಜಮಾನರಿಗೆ 63. ಅವರಿಗೆ ಮೆಟ್ಟಿಲು ಇಳಿಯುವಾಗ ಬಲಮೊಣಕಾಲು ನೋಯುತ್ತದೆ. ಇಬ್ಬರಿಗೂ ಈಜು ಬರುವುದಿಲ್ಲ. ದಾರಿಯಲ್ಲಿ ಸಮುದ್ರದ ನೀರನ್ನು ಹೊತ್ತು ನೋಡಿ ದಾಟಬೇಕಂತೆ. ಅದೇನು ಲೆಕ್ಕ? ನಾವು ಸಸ್ಯಾಹಾರಿಗಳು, ಅಲ್ಲಿ ಊಟ ಹೇಗೆ? ನಮ್ಮಂಥವರಿಂದ ಆಗುತ್ತದೆಯೇ?

ಉತ್ತರ: ಆಗುತ್ತದೆ. ಆದರೆ ನಿಮ್ಮ ಅಳಿಯ ಹೇಳಿದ ಹಾಗೆ ಪೂರ್ತಿ ಹಾದಿಯನ್ನು ನಾಲ್ವರೂ ನಡೆಯುವುದು ಬೇಡ. ಮಾರಹೌನಿಂದ ವೈನುಯಿವರೆಗೆ ಒಟ್ಟು 60 ಕಿ.ಮೀ., ಅಂದರೆ ಹೆಚ್ಚೂಕಡಿಮೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ನಡೆದ ಹಾಗೆ. ಹಾದಿ ಅಗಲವಾಗಿದೆ, ಚೆನ್ನಾಗಿ ಕಡಿದು ಮಟ್ಟ ಮಾಡಿದ್ದಾರೆ, ಹೊಳೆಗಳಿಗೆ ಸೇತುವೆಗಳಿವೆ, ಕವಲು ಒಡೆಯುವಲ್ಲೆಲ್ಲ ಫಲಕಗಳಿವೆ. ದಾರಿ ತಪ್ಪುವ ಭಯ ಇಲ್ಲವೇ ಇಲ್ಲ. ಇಲ್ಲಿ ಜನ ಎಡವುವುದು ನಡಿಗೆಯಲ್ಲಿ ಅಲ್ಲ, ಗಡಿಯಾರದಲ್ಲಿ. ಮೊದಲು ವಿಮಾನದ ಟಿಕೆಟ್ ತೆಗೆಸಿ, ಆಮೇಲೆ ಹಟ್ (ಹಾದಿಯಲ್ಲಿ ರಾತ್ರಿ ತಂಗುವ ಮನೆ) ಬುಕ್ ಮಾಡಿ, ಹೊರಡುವ ಹಿಂದಿನ ರಾತ್ರಿ ಉಬ್ಬರ-ಇಳಿತದ ಪಟ್ಟಿ ತೆರೆಯುತ್ತಾರೆ. ಆ ಕ್ರಮವನ್ನು ತಿರುವಿಹಾಕಿದರೆ ಅರ್ಧ ಕೆಲಸ ಮುಗಿದಂತೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಬಯಲುಸೀಮೆಯ ನಮಗೆ ಸಮುದ್ರವೆಂದರೆ ಗೋಕರ್ಣ, ಕಾರವಾರ. ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ವ್ಯತ್ಯಾಸ ಒಂದೂವರೆ-ಎರಡು ಮೀಟರ್. ನೀರು ಸ್ವಲ್ಪ ಮೇಲೆ ಬಂತು, ಸ್ವಲ್ಪ ಹಿಂದೆ ಹೋಯಿತು ಅನ್ನಿಸುತ್ತದೆ, ಅಷ್ಟೇ. ಏಬಲ್ ಟಾಸ್ಮನ್ ದಂಡೆಯಲ್ಲಿ ಈ ವ್ಯತ್ಯಾಸ ದೊಡ್ಡ ದಿನಗಳಲ್ಲಿ 4 ಮೀಟರ್ ಮುಟ್ಟುತ್ತದೆ. ಬೆಳಿಗ್ಗೆ ಮರಳ ಬಯಲಾಗಿ ಕಾಣುವ ಅಳಿವೆ ಮಧ್ಯಾಹ್ನಕ್ಕೆ ಆಳು ಮುಳುಗುವ ಕೊಲ್ಲಿ. ಗೋಕರ್ಣದಲ್ಲಿ ಕಂಡ ಅಂದಾಜು ಇಲ್ಲಿ ಕೆಲಸಕ್ಕೆ ಬಾರದು.

ನೀರು ಏರುವ ವೇಗವೂ ಒಂದೇ ಸಮ ಇರುವುದಿಲ್ಲ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆಯ ಚಿಲ್ಲರೆ ಬೇಕು. ಸಮುದ್ರದವರು ಬಳಸುವ ಒಂದು ಸ್ಥೂಲ ಲೆಕ್ಕ ಇದೆ: ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 3, ಐದರಲ್ಲಿ 2, ಆರರಲ್ಲಿ 1. ನಾಲ್ಕು ಮೀಟರಿನ ದಿನ ಇದನ್ನು ಹಾಕಿ ನೋಡಿ. ಮೊದಲ ಎರಡು ಗಂಟೆ ಸೇರಿ ನೀರು ಏರುವುದು ಒಂದು ಮೀಟರ್. ಮೂರನೆಯ ಗಂಟೆ ಒಂದರಲ್ಲೇ ಇನ್ನೊಂದು ಮೀಟರ್. "ಎರಡು ಗಂಟೆ ದಾಟಿ ಬರೀ ಅರ್ಧ ಗಂಟೆ ತಡ, ಏನಾದೀತು" ಎಂದು ಇಳಿಯುವವರು ಸರಿಯಾಗಿ ಆ ಮೂರನೆಯ ಗಂಟೆಯೊಳಗೆ ಕಾಲಿಟ್ಟಿರುತ್ತಾರೆ.

ಹಾದಿಯಲ್ಲಿ ಇಳಿತ ನೋಡಬೇಕಾದ ಅಳಿವೆಗಳು ಮುಖ್ಯವಾಗಿ ಮೂರು: ಟಾರೆಂಟ್ ಬೇ, ಬಾರ್ಕ್ ಬೇ, ಅವಾರೋವ. ಮೊದಲೆರಡಕ್ಕೂ ಮೇಲಿನಿಂದ ಬಳಸುದಾರಿ ಇದೆ, ನೀರು ಎಷ್ಟೇ ಇರಲಿ ಸುತ್ತಿ ಹೋಗಬಹುದು. ಅವಾರೋವಕ್ಕೆ ಮಾತ್ರ ಬಳಸುದಾರಿ ಇಲ್ಲ. ಇಳಿತಕ್ಕೆ ಒಂದೂವರೆ ಗಂಟೆ ಮೊದಲಿನಿಂದ ಇಳಿತದ ನಂತರ ಎರಡು ಗಂಟೆಯವರೆಗೆ, ಈ ಮೂರೂವರೆ ಗಂಟೆಯಲ್ಲಿ ದಾಟಿದರೆ ದಾಟಿದಿರಿ. ಇಡೀ ಪ್ರವಾಸ ಈ ಒಂದು ಗೂಟಕ್ಕೆ ಕಟ್ಟಿಹಾಕಿದ್ದು ಅಂತ ತಿಳಿಯಿರಿ.

ಉದಾಹರಣೆಗೆ ಪಟ್ಟಿಯಲ್ಲಿ ಇಳಿತ ಬೆಳಿಗ್ಗೆ 9:20 ಎಂದಿದ್ದರೆ ನಿಮ್ಮ ಅವಕಾಶ 7:50ರಿಂದ 11:20. ಅವಾರೋವ ಹಟ್‌ನಿಂದ ಮುಂದಿನ ಫರಿಫರಂಗಿ ಹಟ್‌ಗೆ 16.9 ಕಿ.ಮೀ., ಐದೂವರೆ ಗಂಟೆಯ ನಡಿಗೆ. (ಫಲಕದಲ್ಲಿ ಈ ಹೆಸರು 'ಡಬ್ಲ್ಯೂಎಚ್'ನಿಂದ ಶುರುವಾಗುತ್ತದೆ, ಹುಡುಕಿ ತಬ್ಬಿಬ್ಬಾಗಬೇಡಿ.) ಎಂಟಕ್ಕೆ ದಾಟಿದರೆ ನಿಧಾನವಾಗಿ ನಡೆದರೂ ಸಂಜೆ ನಾಲ್ಕರೊಳಗೆ ಮುಟ್ಟುತ್ತೀರಿ. ಅದೇ ಇಳಿತ ಸಂಜೆ 4ಕ್ಕೆ ಇದ್ದರೆ ನೀರಿಗಿಳಿಯುವುದೇ ಎರಡೂವರೆಗೆ, ಹಟ್ ಸೇರುವಷ್ಟರಲ್ಲಿ ಎಂಟು-ಒಂಬತ್ತು. ಜನವರಿಯಲ್ಲಿ ಅಲ್ಲಿ ಬೇಸಿಗೆ, ಎಂಟೂವರೆಯ ಮೇಲೂ ಬೆಳಕಿರುತ್ತದೆ ನಿಜ, ಆದರೂ ನೋಯುವ ಮೊಣಕಾಲಿಗೆ ಇದು ಸಲ್ಲದು. ದಿನದಲ್ಲಿ ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹೀಗಾಗಿ ಒಂದು ವಾರ ಆಚೀಚೆ ಮಾಡಿದರೆ ಇಳಿತ ಆರು ಗಂಟೆ ಸರಿಯುತ್ತದೆ, ಎರಡು ವಾರಕ್ಕೆ ಹೆಚ್ಚೂಕಡಿಮೆ ಅದೇ ಹೊತ್ತಿಗೆ ವಾಪಸ್. ಅವಾರೋವ ಬಿಡುವ ಬೆಳಿಗ್ಗೆ ಇಳಿತ 7ರಿಂದ 11ರ ನಡುವೆ ಬರುವ ದಿನಗಳನ್ನು ಮೊದಲು ಗುರುತು ಹಾಕಿಕೊಳ್ಳಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬನ್ನಿ: ಹಿಂದಿನ ರಾತ್ರಿ ಅವಾರೋವ, ಅದರ ಹಿಂದೆ ಬಾರ್ಕ್ ಬೇ, ಅದರ ಹಿಂದೆ ಆಂಕರೇಜ್. ಆಮೇಲೆ ಹತ್ತಿರದ ಊರಾದ ನೆಲ್ಸನ್‌ಗೆ ವಿಮಾನ.

ಮನೆಯಲ್ಲಿ ಪಂಚಾಂಗ ಇದ್ದರೆ ಇನ್ನೊಂದು ಅಂದಾಜು ಸಿಗುತ್ತದೆ. ಹುಣ್ಣಿಮೆ-ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಏರಿಳಿತ ಜೋರು. ಅಷ್ಟಮಿಯ ಆಸುಪಾಸು ಕಡಿಮೆ. ಕಡಿಮೆ ಎಂದ ಮಾತ್ರಕ್ಕೆ ದಾಟಲು ಸುಲಭ ಅಂತ ಅಲ್ಲ. ಅಷ್ಟಮಿಯ ಇಳಿತದಲ್ಲಿ ನೀರು ಪೂರ್ತಿ ಇಳಿಯುವುದೇ ಇಲ್ಲ, ಕಾಲುವೆಯಲ್ಲಿ ಆಳ ಹೆಚ್ಚು ಉಳಿದಿರುತ್ತದೆ. ಪಂಚಾಂಗ ಅಂದಾಜಿಗೆ, ಗಂಟೆ-ನಿಮಿಷಕ್ಕೆ ಮಾತ್ರ ಅಲ್ಲಿನ ಸಂರಕ್ಷಣಾ ಇಲಾಖೆಯ (ಎಲ್ಲರೂ ಡಾಕ್ ಅನ್ನುತ್ತಾರೆ) ಪಟ್ಟಿಯೇ ಆಗಬೇಕು. ಪಟ್ಟಿ ತೆರೆದ ಕೂಡಲೇ ಮೂಲೆಯಲ್ಲಿರುವ ಟಿಪ್ಪಣಿ ಓದಿ: ಸಮಯ ಬೇಸಿಗೆ ಗಡಿಯಾರದ್ದೋ, ಸಾಮಾನ್ಯ ಗಡಿಯಾರದ್ದೋ? ಸೆಪ್ಟೆಂಬರ್ ಕೊನೆಯಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ನ್ಯೂಜಿಲೆಂಡ್ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಸಾಮಾನ್ಯ ಸಮಯದ ಪಟ್ಟಿಯಾದರೆ ಜನವರಿಯಲ್ಲಿ ಒಂದು ಗಂಟೆ ಕೂಡಿಸಬೇಕು. ಮೂರೂವರೆ ಗಂಟೆಯ ಅವಕಾಶದಲ್ಲಿ ಒಂದು ಗಂಟೆ ತಪ್ಪಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ದಾಟುವುದು ಹೇಗೆಂದರೆ, ಹಟ್ ಮುಂದಿನಿಂದಲೇ ಮರಳಿಗೆ ಇಳಿದು ಆಚೆ ದಡದ ಗುರುತು ನೋಡಿಕೊಂಡು ನಡೆಯುವುದು. ಇಪ್ಪತ್ತು-ಮೂವತ್ತು ನಿಮಿಷದ ಕೆಲಸ. ಒಳ್ಳೆಯ ಇಳಿತದಲ್ಲೂ ಕಾಲುವೆಗಳಲ್ಲಿ ಪಾದದಿಂದ ಮೊಣಕಾಲಿನವರೆಗೆ ನೀರಿರುತ್ತದೆ. ಬರಿಗಾಲಲ್ಲಿ ಇಳಿಯಬೇಡಿ, ಮರಳಿನ ತುಂಬ ಚಿಪ್ಪು, ಅಂಗಾಲು ಕೊಯ್ಯುತ್ತದೆ. ಹವಾಯಿ ಚಪ್ಪಲಿಯೂ ಬೇಡ, ಕೆಸರು ಅದನ್ನು ಹಿಡಿದುಕೊಳ್ಳುತ್ತದೆ, ಕಾಲು ಮಾತ್ರ ಮೇಲೆ ಬರುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಹಳೆಯ ಸ್ಯಾಂಡಲ್ ಸರಿ. ಬೂಟು ಚೀಲಕ್ಕೆ ಕಟ್ಟಿ, ಫೋನ್-ಪಾಸ್‌ಪೋರ್ಟ್ ಜಿಪ್ ಕವರಿಗೆ ಹಾಕಿ, ಚೀಲದ ಎದೆಪಟ್ಟಿ ಬಿಚ್ಚಿಡಿ. ಸೀರೆ ಖಂಡಿತ ಬೇಡ, ಮೊಣಕಾಲ ಮೇಲೆ ಮಡಚಲು ಬರುವ, ಬೇಗ ಒಣಗುವ ಪ್ಯಾಂಟ್ ಹಾಕಿಕೊಳ್ಳಿ. ಹೊತ್ತು ಮೀರಿದರೆ ಹಟ್‌ನಲ್ಲೇ ಕುಳಿತುಕೊಳ್ಳಿ, ಮುಂದಿನ ಇಳಿತಕ್ಕೆ ಸುಮಾರು 12 ಗಂಟೆ. ಅದು ರಾತ್ರಿ ಬಿದ್ದರೆ ಅದರ ಮುಂದಿನದು. ಕತ್ತಲಲ್ಲಿ ದಾಟುವುದು ಯಾರಿಗೂ ಹೇಳುವ ಮಾತಲ್ಲ.

ಇಷ್ಟು ಹೇಳಿದ ಮೇಲೆ, ಈಜು ಬಾರದ ನಿಮ್ಮಿಬ್ಬರಿಗೆ ನನ್ನ ಸಲಹೆ: ಅವಾರೋವದ ನೀರಿಗೆ ಇಳಿಯಲೇಬೇಡಿ. ಅಪಾಯ ಅಂತಲ್ಲ, ಸರಿಯಾದ ಹೊತ್ತಿಗೆ ಮಕ್ಕಳು-ಮುದುಕರು ಎಲ್ಲ ದಾಟುತ್ತಾರೆ. ಆದರೆ ಆ ಒಂದು ಚಿಂತೆ ಮೊದಲ ದಿನದಿಂದಲೂ ತಲೆಯಲ್ಲಿ ಕೂತು ಉಳಿದದ್ದರ ಸುಖ ಕೆಡಿಸುತ್ತದೆ. ಈ ಕರಾವಳಿಯುದ್ದಕ್ಕೂ ವಾಟರ್ ಟ್ಯಾಕ್ಸಿ ಎನ್ನುವ ಬಾಡಿಗೆ ದೋಣಿಗಳು ಓಡುತ್ತವೆ. ಮಾರಹೌ, ಕೈಟೆರಿಟೆರಿಗಳಿಂದ ಹೊರಟು ಟೋಟರನುಯಿವರೆಗೆ. ನೀವಿಬ್ಬರು ಅವಾರೋವದಿಂದ ದೋಣಿ ಹತ್ತಿ ಟೋಟರನುಯಿಯಲ್ಲಿ ಇಳಿಯಿರಿ. ಮಗಳು-ಅಳಿಯ ನೀರು ದಾಟಿ ಸುಮಾರು 7 ಕಿ.ಮೀ. ನಡೆದು ಅಲ್ಲಿಗೇ ಬರಲಿ. ಇಲ್ಲವೇ ನಾಲ್ವರೂ ಅವಾರೋವದಿಂದಲೇ ಮಾರಹೌಗೆ ವಾಪಸಾಗಿ. ನನ್ನ ಮತ ಎರಡನೆಯದಕ್ಕೆ. ಟೋಟರನುಯಿಯಿಂದ ಆಚೆಗೆ ದೋಣಿ ಇಲ್ಲ. ವೈನುಯಿಯಲ್ಲಿ ಮುಗಿಸಿದವರು ಟಾಕಕಾ ಗುಡ್ಡದ ಘಾಟಿ ರಸ್ತೆಯಲ್ಲಿ ಸುತ್ತಿ ಬರಬೇಕು. 2018ರ ಫೆಬ್ರುವರಿಯಲ್ಲಿ ಗೀಟಾ ಚಂಡಮಾರುತದ ಮಳೆಗೆ ಆ ರಸ್ತೆ ಕುಸಿದು ಮುಚ್ಚಿಹೋಗಿತ್ತು. ಮಳೆಯ ನಂತರ ಹಾದಿಯ ಭಾಗಗಳೂ ಮುಚ್ಚುವುದುಂಟು, ಹೊರಡುವ ವಾರ ಡಾಕ್ ಪ್ರಕಟಣೆ ನೋಡುತ್ತಿರಿ.

ಈಗ ದಿನದ ಲೆಕ್ಕ. ಆಕ್ಲೆಂಡ್‌ನಿಂದ ನೆಲ್ಸನ್‌ಗೆ ವಿಮಾನದಲ್ಲಿ ಒಂದೂಕಾಲು ಗಂಟೆಯ ಮೇಲೆ, ಅಲ್ಲಿಂದ ಮಾರಹೌಗೆ ರಸ್ತೆಯಲ್ಲಿ ಅಷ್ಟೇ ಹೊತ್ತು. ಮೊದಲ ದಿನ ಮಾರಹೌ-ಆಂಕರೇಜ್ 12.4 ಕಿ.ಮೀ., ನಾಲ್ಕು ಗಂಟೆ. ಏರು ನಿಧಾನದ್ದು, ಕೊನೆಗೆ ಆಂಕರೇಜ್‌ಗೆ ಇಳಿಯುವ ಇಳಿಜಾರು ಮೊಣಕಾಲಿನ ಮೊದಲ ಪರೀಕ್ಷೆ. ಡಾಕ್ ಕೊಡುವ ಗಂಟೆಗಳಿಗೆ ನೀವು ಮೂರನೆಯ ಒಂದು ಭಾಗ ಕೂಡಿಸಿಕೊಳ್ಳಿ.

ಎರಡನೆಯ ದಿನ ಬಾರ್ಕ್ ಬೇಗೆ. ಇಳಿತ ಇದ್ದರೆ ಟಾರೆಂಟ್ ಬೇ ಅಳಿವೆಯನ್ನು ಅಡ್ಡ ಹಾಯ್ದು 8.4 ಕಿ.ಮೀ., ಬಳಸುದಾರಿಯಲ್ಲಿ 11.5. ಅಡ್ಡ ಹಾಯಲು ಇಳಿತದ ಹಿಂದೆ-ಮುಂದೆ ಎರಡೆರಡು ಗಂಟೆ. ಒಂದು ಮಾತು: ಅವಕಾಶ ಇದ್ದರೂ ಬಳಸುದಾರಿಯನ್ನೇ ಹಿಡಿಯಿರಿ. ಅದರಿಂದ ಕವಲೊಡೆದು ಸ್ವಲ್ಪ ಒಳಗೆ ಹೋದರೆ ಕ್ಲಿಯೋಪಾಟ್ರಾಸ್ ಪೂಲ್ ಎಂಬ ಹೊಂಡ ಇದೆ. ಹಾವಸೆ ಕಟ್ಟಿದ ಬಂಡೆಯ ಮೇಲೆ ಹೊಳೆ ಜಾರಿ ಹೊಂಡಕ್ಕೆ ಬೀಳುತ್ತದೆ, ಹುಡುಗರು ಅದರ ಜೊತೆಗೇ ಜಾರುತ್ತಾರೆ. ಮುಂದೆ ಫಾಲ್ಸ್ ನದಿಯ ಮೇಲೆ 47 ಮೀಟರಿನ ತೂಗುಸೇತುವೆ. ಮೂರನೆಯ ದಿನ ಬಾರ್ಕ್ ಬೇಯಿಂದ ಅವಾರೋವ 13.5 ಕಿ.ಮೀ., ನಾಲ್ಕೂವರೆ ಗಂಟೆ. ನಡುವೆ ಒನೆಟಹುಟಿ ಎಂಬ ಉದ್ದನೆಯ ಕಡಲತೀರ. ಮೊಣಕಾಲು ಅಲ್ಲಿಗೇ ಸಾಕು ಎಂದರೆ ಆ ತೀರದಿಂದಲೂ ದೋಣಿ ಸಿಗುತ್ತದೆ. ಅಂದರೆ ಎಲ್ಲಿ ಬೇಕಾದರೂ ಕೈಬಿಡಬಹುದಾದ ಹಾದಿ ಇದು, ನಿಮ್ಮ ಯಜಮಾನರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ. ದೋಣಿಯವರು ದುಡ್ಡು ಕೊಟ್ಟರೆ ಚೀಲವನ್ನೂ ಮುಂದಿನ ತಂಗುದಾಣಕ್ಕೆ ಸಾಗಿಸುತ್ತಾರೆ. ನಾಚಿಕೊಳ್ಳದೆ ಕೊಟ್ಟುಬಿಡಿ.

ಅಲ್ಲಿನ ಮರಳು ಹೊಂಬಣ್ಣ. ಅದರ ಮೂಲ ಗ್ರಾನೈಟ್, ಚಿತ್ರದುರ್ಗದ ಬಂಡೆಗಳ ಜಾತಿಯದೇ. ಗ್ರಾನೈಟ್ ಕೊಳೆತು ಉದುರಿದ ಗರಸು ಒಣಗಿದಾಗ ಇಳಿಜಾರಿನಲ್ಲಿ ಕಾಲಡಿ ಉರುಳುತ್ತದೆ, ಹಾಗಾಗಿ ನುಣುಪು ಅಟ್ಟೆಯ ವಾಕಿಂಗ್ ಶೂ ಆಗದು. ಅಭ್ಯಾಸಕ್ಕೆ ಕುಂದವಾಡ ಕೆರೆಯ ಸುತ್ತು ಉಸಿರಿಗೆ ಒಳ್ಳೆಯದು, ಮೊಣಕಾಲಿಗೆ ಏನೂ ಕಲಿಸುವುದಿಲ್ಲ, ಅದು ಮಟ್ಟಸ. ವಾರಕ್ಕೊಮ್ಮೆ ದುರ್ಗದ ಕೋಟೆಗೆ ಹೋಗಿ, ಚೀಲದಲ್ಲಿ ಮೊದಲು 3 ಕೆಜಿ, ಆಮೇಲೆ 5, ಕೊನೆಗೆ 7 ಕೆಜಿ ತೂಕ ಹಾಕಿ ಹತ್ತಿ ಇಳಿಯಿರಿ. ಕೆಲಸ ಮಾಡುವುದು ಇಳಿಯುವುದೇ. ಸಣ್ಣ ಹೆಜ್ಜೆ, ಮೊಣಕಾಲು ತುಸು ಬಾಗಿಸಿಟ್ಟು, ಕೈಯಲ್ಲಿ ಎರಡು ಟ್ರೆಕ್ಕಿಂಗ್ ಕೋಲು. ಇಳಿಯುವಾಗ ಕೋಲನ್ನು ಐದಾರು ಸೆಂ.ಮೀ. ಉದ್ದ ಮಾಡಿಕೊಂಡರೆ ಭಾರ ತೋಳಿಗೆ ಹಂಚಿಹೋಗುತ್ತದೆ. ಎಂಟು-ಹತ್ತು ವಾರ ಹೀಗೆ ಮಾಡಿದ ಮೇಲೂ ಮರುದಿನ ಮೊಣಕಾಲು ಊದಿಕೊಳ್ಳುತ್ತಿದ್ದರೆ ಮೂಳೆ ವೈದ್ಯರನ್ನು ಕೇಳದೆ ಹೊರಡಬೇಡಿ. ನ್ಯೂಜಿಲೆಂಡಿನಲ್ಲಿ ಅಪಘಾತದ ಪೆಟ್ಟಿಗೆ ಪ್ರವಾಸಿಗರಿಗೂ ಸರ್ಕಾರಿ ನೆರವುಂಟು, ಹಳೆಯ ಕಾಯಿಲೆಗೆ ಇಲ್ಲ. ಪ್ರವಾಸ ವಿಮೆ ಮಾಡಿಸುವಾಗ ಮೊಣಕಾಲಿನ ವಿಷಯ ಬರೆದೇ ಮಾಡಿಸಿ.

ಹಟ್ ಎಂದರೆ ಲಾಡ್ಜ್ ಅಂದುಕೊಳ್ಳಬೇಡಿ. ಆಂಕರೇಜ್ ಮತ್ತು ಬಾರ್ಕ್ ಬೇಯಲ್ಲಿ ತಲಾ 34 ಮಂದಿಗೆ, ಅವಾರೋವದಲ್ಲಿ 26, ಫರಿಫರಂಗಿಯಲ್ಲಿ 20 ಮಂದಿಗೆ ಜಾಗ. ಹಲಗೆ ಅಟ್ಟ, ಅದರ ಮೇಲೆ ಹಾಸಿಗೆ, ಶೌಚಾಲಯ, ನಲ್ಲಿ. ಗಂಡಸರು-ಹೆಂಗಸರಿಗೆ ಬೇರೆ ಕೋಣೆ ಇರುವುದಿಲ್ಲ, ಯಾರು ಮೊದಲು ಬಂದರೋ ಅವರಿಗೆ ಬೇಕಾದ ಹಾಸಿಗೆ. ಬಿಸಿನೀರಿನ ಸ್ನಾನ ಇಲ್ಲ. ಹೊದಿಕೆ ಇಲ್ಲ, ಸ್ಲೀಪಿಂಗ್ ಬ್ಯಾಗ್ ನೀವೇ ಒಯ್ಯಬೇಕು. ಟಾರ್ಚು, ಗೊರಕೆಗೆ ಕಿವಿಬಿರಡೆ, ಟಾಯ್ಲೆಟ್ ಪೇಪರ್ ಕೂಡ. ಕಸದ ಬುಟ್ಟಿ ಇಲ್ಲ, ನಿಮ್ಮ ಕಸ ನಿಮ್ಮ ಜೊತೆಗೇ ವಾಪಸ್. ವರ್ಷವಿಡೀ ಮುಂಗಡ ಬುಕಿಂಗ್ ಕಡ್ಡಾಯ, ಜನವರಿ ಅಲ್ಲಿನ ರಜೆಯ ಕಾಲವಾದ್ದರಿಂದ ಬುಕಿಂಗ್ ತೆರೆದ ಕೂಡಲೇ ಮಾಡಿಸಿ. ಹೊರದೇಶದವರಿಗೆ ದರ ಹೆಚ್ಚು.

ಅಡುಗೆಯ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. ನ್ಯೂಜಿಲೆಂಡಿನ ಬೇರೆ ಹೆಸರಾಂತ ಹಾದಿಗಳ ಹಟ್‌ಗಳಲ್ಲಿ ಬೇಸಿಗೆಗೆ ಗ್ಯಾಸ್ ಒಲೆ ಇರುತ್ತದೆ, ಅದನ್ನು ಓದಿಕೊಂಡು ಬರುತ್ತಾರೆ. ಏಬಲ್ ಟಾಸ್ಮನ್ ಹಟ್‌ಗಳಲ್ಲಿ ಒಲೆ ಇಲ್ಲ, ಪಾತ್ರೆಯೂ ಇಲ್ಲ. ಸಣ್ಣ ಗ್ಯಾಸ್ ಸ್ಟೌ, ಒಂದೂವರೆ ಲೀಟರಿನ ಪಾತ್ರೆ, ತಟ್ಟೆ, ಲೈಟರ್ ಹೊರಬೇಕು. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ನೆಲ್ಸನ್‌ನಲ್ಲಿ ಕೊಳ್ಳಿ. ಒಂದು ಲೀಟರ್ ನೀರು ಕುದಿಸಲು ಗಾಳಿ ಇಲ್ಲದ ಕಡೆ 15 ಗ್ರಾಂ ಗ್ಯಾಸ್ ಎಂದು ಹಿಡಿದರೆ, ನಾಲ್ವರಿಗೆ ಕಾಫಿ, ಉಪ್ಪಿಟ್ಟು, ಅನ್ನ ಸೇರಿ ದಿನಕ್ಕೆ 8 ಲೀಟರ್, 120 ಗ್ರಾಂ. ಮೂರು ದಿನಕ್ಕೆ 230 ಗ್ರಾಮಿನ ಎರಡು ಡಬ್ಬಿ ಧಾರಾಳ. ಬೇಳೆ ಬೇಯಿಸುವ ಆಸೆ ಬಿಡಿ, ಕುಕ್ಕರ್ ಇಲ್ಲದೆ ತೊಗರಿಬೇಳೆ ಗ್ಯಾಸನ್ನೆಲ್ಲ ತಿಂದುಹಾಕುತ್ತದೆ.

ನಮ್ಮ ಕಡೆಯ ಅಡುಗೆಮನೆಯಲ್ಲಿ ಇದಕ್ಕೆ ಬೇಕಾದದ್ದು ಬಹಳ ಇದೆ. ಹುರಿದ ರವೆಗೆ ಒಗ್ಗರಣೆ ಕೂಡಿಸಿಟ್ಟರೆ ಬಿಸಿನೀರು ಹಾಕಿದ ಹತ್ತು ನಿಮಿಷಕ್ಕೆ ಉಪ್ಪಿಟ್ಟು. ತೆಳು ಅವಲಕ್ಕಿಗೆ ಒಲೆಯೇ ಬೇಡ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಧ್ಯಾಹ್ನದ ಬುತ್ತಿಗೆ ಸೊಗಸು. ರೊಟ್ಟಿಯನ್ನು ಗಟ್ಟಿ ಡಬ್ಬಿಯಲ್ಲಿಡದಿದ್ದರೆ ಸಂಜೆಗೆ ಪುಡಿಯಾಗಿರುತ್ತದೆ. ಮಂಡಕ್ಕಿ ಹಗುರ, ಆದರೆ ಚೀಲದ ಅರ್ಧ ಜಾಗ ಅದಕ್ಕೇ ಹೋಗುತ್ತದೆ. ಒಬ್ಬರಿಗೆ ದಿನಕ್ಕೆ ಒಣ ಪದಾರ್ಥ 600-700 ಗ್ರಾಂ ಸಾಕು. ಕುಡಿಯುವ ನೀರು ಶುದ್ಧೀಕರಿಸಿದ್ದೋ ಅಲ್ಲವೋ ನಲ್ಲಿಯ ಬಳಿ ಬರೆದಿರುತ್ತಾರೆ. ಅಲ್ಲವಾದರೆ ಕುದಿ ಬಂದ ಮೇಲೆ ಒಂದೆರಡು ನಿಮಿಷ ಬಿಡಿ. ಹೊಳೆಯ ನೀರು ಚಹಾದ ಬಣ್ಣಕ್ಕಿದ್ದರೆ ಅದು ಕಾಡಿನ ಎಲೆಗಳ ಒಗರು, ಕೊಳಕಲ್ಲ. ಹೊರುವ ತೂಕ ನಿಮಗೆ 7 ಕೆಜಿ, ಮಕ್ಕಳಿಗೆ 11-12 ಮೀರದಿರಲಿ.

ಸ್ಯಾಂಡ್‌ಫ್ಲೈ ಎಂಬ ಸಣ್ಣ ಕಪ್ಪು ನೊಣ ಹಗಲಲ್ಲಿ ಕಚ್ಚುತ್ತದೆ, ತುರಿಕೆ ವಾರಗಟ್ಟಲೆ. ನಡೆಯುತ್ತಿದ್ದರೆ ಬರುವುದಿಲ್ಲ, ಕುಳಿತ ಕೂಡಲೇ ಬರುತ್ತದೆ. ಕಣಕಾಲಿಗೆ ಡೀಟ್ ಅಥವಾ ಪಿಕಾರಿಡಿನ್ ಇರುವ ಮುಲಾಮು ಹಚ್ಚಿ. ಬಿಸಿಲು ದಾವಣಗೆರೆಯಷ್ಟು ಸುಡುವುದಿಲ್ಲ, ಅದೇ ಮೋಸ: ಅತಿನೇರಳೆ ಕಿರಣ ಅಲ್ಲಿ ಜನವರಿಯಲ್ಲಿ ತೀವ್ರ, ನಮ್ಮ ಚರ್ಮವೂ ಸುಲಿಯುತ್ತದೆ. ಮೊಬೈಲ್ ಸಿಗ್ನಲ್ ಹೆಚ್ಚಿನ ಕಡೆ ಇಲ್ಲ. ನೆಲ್ಸನ್‌ನಲ್ಲಿ ಬಾಡಿಗೆಗೆ ಸಿಗುವ ತುರ್ತು ಬೀಕನ್ (ಅಪಾಯದಲ್ಲಿ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಸಹಾಯ ಕೇಳುವ ಸಾಧನ) ಒಂದನ್ನು ಅಳಿಯ ಚೀಲದ ಹೊರಜೇಬಿನಲ್ಲಿಟ್ಟುಕೊಳ್ಳಲಿ, ತಳದಲ್ಲಲ್ಲ.

ಅವಾರೋವದಲ್ಲಿ ದೋಣಿಗೆ ಕಾಯುವಾಗ ನಿಮಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಆ ಮರಳತೀರದ 7 ಹೆಕ್ಟೇರ್ ಖಾಸಗಿಯವರ ಕೈಯಲ್ಲಿತ್ತು. ಮಾರಾಟಕ್ಕೆ ಬಂದಾಗ ಸುಮಾರು 40 ಸಾವಿರ ಮಂದಿ 20 ಲಕ್ಷ ಡಾಲರಿಗೂ ಮೀರಿ ಚಂದಾ ಎತ್ತಿ ಕೊಂಡು, 2016ರಲ್ಲಿ ಉದ್ಯಾನಕ್ಕೆ ಸೇರಿಸಿದರು. ಇಡೀ ಉದ್ಯಾನಕ್ಕೆ ಹೆಸರು ಕೊಟ್ಟ ಡಚ್ ನಾವಿಕ ಟಾಸ್ಮನ್ ಮಾತ್ರ 1642ರ ಡಿಸೆಂಬರಿನಲ್ಲಿ ಪಕ್ಕದ ಕೊಲ್ಲಿಗೆ ಬಂದು, ಅಲ್ಲಿನ ಮೂಲನಿವಾಸಿ ಮಾವೊರಿಗಳೊಡನೆ ಘರ್ಷಣೆಯಾಗಿ ನಾಲ್ವರನ್ನು ಕಳೆದುಕೊಂಡು, ನೆಲಕ್ಕೆ ಕಾಲಿಡದೇ ಹೋದವನು. ಮುನ್ನೂರು ವರ್ಷ ತುಂಬಿದಾಗ, 1942ರಲ್ಲಿ ಉದ್ಯಾನ ಘೋಷಣೆಯಾಯಿತು.

ಕೊನೆಯದು ವಿಮಾನ ನಿಲ್ದಾಣದ ಮಾತು. ಊರಿಂದ ಒಯ್ಯುವ ತಿನಿಸೆಲ್ಲವನ್ನೂ, ಒಂದು ಹಿಡಿ ಚಟ್ನಿಪುಡಿಯನ್ನೂ, ಆಕ್ಲೆಂಡ್‌ನಲ್ಲಿ ಇಳಿಯುವಾಗ ಫಾರಂನಲ್ಲಿ 'ಇದೆ' ಎಂದೇ ಬರೆಯಿರಿ. ಬರೆದದ್ದನ್ನು ಅವರು ನೋಡಿ ಬಿಡುತ್ತಾರೆ ಅಥವಾ ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟೇ. ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಜೇನುತುಪ್ಪ, ಹಣ್ಣು, ತರಕಾರಿ, ಬಿತ್ತನೆಯ ಬೀಜ ಒಯ್ಯಲೇಬೇಡಿ. ಅವಲಕ್ಕಿ, ರವೆ, ಶೇಂಗಾ ಆಕ್ಲೆಂಡ್‌ನ ಭಾರತೀಯ ಅಂಗಡಿಗಳಲ್ಲೇ ಸಿಗುತ್ತವೆ, ಚಟ್ನಿಪುಡಿಯನ್ನು ಮಗಳ ಮನೆಯಲ್ಲೇ ಕುಟ್ಟಿಕೊಳ್ಳಬಹುದು. ನಡಿಗೆಯ ಬೂಟನ್ನೂ ಫಾರಂನಲ್ಲಿ ಬರೆಯಬೇಕು, ಅಟ್ಟೆಯ ಸಂದಿನಲ್ಲಿ ಮಣ್ಣು ಇರಕೂಡದು. ದುರ್ಗದಲ್ಲಿ ಅಭ್ಯಾಸ ಮಾಡಿದ ಬೂಟನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆದು, ಎರಡು ದಿನ ಒಣಗಿಸಿ ಪೆಟ್ಟಿಗೆಯಲ್ಲಿ ಮೇಲ್ಗಡೆಯೇ ಇಡಿ, ಕೇಳಿದ ಕೂಡಲೇ ತೆಗೆದು ತೋರಿಸಲು ಬರುವಂತೆ.